ಪರದೇಶದಲ್ಲಿ ವ್ಯಾಪಾರಮುದ್ರೆ ಮತ್ತು ಅಚೌರ್ಯಾಣುವ್ರತ

ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಕಳವು ಎಂದು ಆಚಾರ್ಯರು ಲಕ್ಷಣ ಹೇಳಿದ್ದಾರೆ. ಲಕ್ಷಣ ಚಿಕ್ಕದು, ಅದರ ವ್ಯಾಪ್ತಿ ಎಲ್ಲಿಯವರೆಗೆ ಎಂಬುದು ಮಾತ್ರ ಕಾಲಕಾಲಕ್ಕೆ ಹೊಸ ಪ್ರಶ್ನೆಯಾಗಿ ಶ್ರಾವಕನ ಮುಂದೆ ನಿಲ್ಲುತ್ತದೆ. ಹೊಲ, ಮನೆ, ಧಾನ್ಯ, ಬಂಗಾರಗಳ ವಿಷಯದಲ್ಲಿ ಕೊಟ್ಟದ್ದು ಯಾವುದು, ಕೊಡದಿದ್ದುದು ಯಾವುದು ಎಂದು ತಿಳಿಯುವುದು ಕಷ್ಟವಲ್ಲ. ಹೆಸರಿನ ವಿಷಯದಲ್ಲಿ ಹಾಗಲ್ಲ. ಒಬ್ಬ ವರ್ತಕನು ಮೂವತ್ತು ವರ್ಷ ದುಡಿದು ಪೇಟೆಯಲ್ಲಿ ನಿಲ್ಲಿಸಿದ ಮಾರ್ಕಾವನ್ನು, ಅವನು ಮಾಲು ಕಳಿಸಿದರೂ ಕಾಗದ ಮಾಡಿಸದೆ ಬಿಟ್ಟ ಇನ್ನೊಂದು ದೇಶದಲ್ಲಿ ಬೇರೊಬ್ಬನು ಶುಲ್ಕ ಕಟ್ಟಿ ತನ್ನ ಹೆಸರಿಗೆ ದಾಖಲು ಮಾಡಿಸಿಕೊಂಡನೆಂದರೆ ಅದು ಅದತ್ತಾದಾನವೋ ಅಲ್ಲವೋ? ಆ ದೇಶದ ಸರಕಾರ ಕೊಟ್ಟಿದೆ, ಒಡೆಯನು ಕೊಟ್ಟಿಲ್ಲ. ಇವೆರಡರಲ್ಲಿ ಯಾರ ಕೊಡುವಿಕೆಯನ್ನು ಕೊಡುವಿಕೆಯೆಂದು ಎಣಿಸಬೇಕು?

ಪ್ರಶ್ನೆ ದೂರದ್ದಲ್ಲ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಗೆ ನೀರು ಬಂದ ಮೇಲೆ ಗಂಗಾವತಿ, ಕಾರಟಗಿಗಳ ಸೀಮೆ ಭತ್ತದ ಕಣಜವಾಯಿತು. ಅಕ್ಕಿಯ ಗಿರಣಿಗಳು ಎದ್ದವು. ಇಲ್ಲಿಯ ಅಕ್ಕಿ ಬೆಂಗಳೂರು, ಮುಂಬಯಿಗಳಿಗಷ್ಟೇ ಅಲ್ಲದೆ ಸಮುದ್ರದಾಚೆಗೂ ಹೋಗುತ್ತದೆ. ಕನ್ನಡಿಗರೂ ತೆಲುಗರೂ ನೆಲೆಸಿದ ಕೊಲ್ಲಿ ರಾಷ್ಟ್ರಗಳಲ್ಲಿ, ಸಿಂಗಪುರದಲ್ಲಿ, ಅಮೆರಿಕೆಯಲ್ಲಿ ಗೃಹಿಣಿಯು ಅಕ್ಕಿಯ ಚೀಲವನ್ನು ಆರಿಸುವುದು ಒಳಗಿನ ಕಾಳನ್ನು ಪರೀಕ್ಷಿಸಿ ಅಲ್ಲ, ಹೊರಗಿನ ಛಾಪನ್ನು ನೋಡಿ. ಕುಷ್ಟಗಿಯ ಕಡೆಯಿಂದ ಬಿತ್ತನೆಯ ಬೀಜ, ಸೀರೆ; ಕೊಪ್ಪಳದ ನೆರೆಯ ಕಿನ್ನಾಳದಿಂದ ಗೊಂಬೆ; ಯಲಬುರ್ಗಾ ಸೀಮೆಯಿಂದ ಕಾಳುಕಡಿ. ಇವೆಲ್ಲಕ್ಕೂ ಇದೇ ಪ್ರಶ್ನೆ ಇಂದಲ್ಲ ನಾಳೆ ಬರುವಂಥದು. ಆದರೆ ಅಕ್ಕಿಗೆ ಅದು ಆಗಲೇ ಬಂದಿದೆಯಾಗಿ, ಅಕ್ಕಿಯನ್ನೇ ಮುಂದಿಟ್ಟುಕೊಂಡು ವಿಚಾರಿಸುವುದು ಯುಕ್ತ.

ಮೊದಲು ಒಂದು ಭ್ರಮೆಯನ್ನು ನಿವಾರಿಸಬೇಕು. ಸ್ವದೇಶದಲ್ಲಿ ಟ್ರೇಡ್‌ಮಾರ್ಕ್ ನೋಂದಣಿಯಾದರೆ ಲೋಕಕ್ಕೆಲ್ಲ ಆದಂತೆ ಎಂದು ಅನೇಕ ವರ್ತಕರು ನಂಬಿದ್ದಾರೆ. ಮುದ್ರೆಯ ಹಕ್ಕು ಆಯಾ ರಾಜ್ಯದ ಎಲ್ಲೆಯೊಳಗೇ ನಿಲ್ಲುತ್ತದೆ. ಈ ಸೀಮೆಯ ಹಿರಿಯರಿಗೆ ಇದು ವಿಚಿತ್ರವಾಗಿ ತೋರಬೇಕಾಗಿಲ್ಲ. 1948ರವರೆಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದವು. ಹೊಳೆ ದಾಟಿದರೆ ಹೊಸಪೇಟೆ, ಅದು ಮದ್ರಾಸ್ ಪ್ರಾಂತ. ಇತ್ತ ಹಾಲಿ ಸಿಕ್ಕಾ, ಅತ್ತ ಬ್ರಿಟಿಷರ ರೂಪಾಯಿ. 1940ರ ಟ್ರೇಡ್‌ಮಾರ್ಕ್ ಕಾಯದೆ ಬ್ರಿಟಿಷ್ ಇಂಡಿಯಾಕ್ಕೆ ಮಾಡಿದ್ದೇ ಹೊರತು ಸಂಸ್ಥಾನಗಳಿಗಲ್ಲ. ಅಂದರೆ ಹೊಸಪೇಟೆಯಲ್ಲಿ ಕಾಯದೆಯ ಬಲವಿದ್ದ ಮುದ್ರೆಗೆ ಮುನಿರಾಬಾದಿನ ದಂಡೆಯಲ್ಲಿ ಅದೇ ಬಲವಿರಲಿಲ್ಲ. ಪರದೇಶವೆಂಬುದು ಆಗ ಒಂದು ಹೊಳೆಯಷ್ಟು ದೂರದಲ್ಲಿತ್ತು. ಹೊಳೆ ದಾಟಿದ ಮಾತ್ರಕ್ಕೆ ನೆರೆಯವನ ಮಾರ್ಕಾ ತನ್ನದಾಯಿತೆಂದು ಆ ಕಾಲದ ಯಾವ ಮರ್ಯಾದಸ್ಥ ಅಡತಿಯವನೂ ಪೇಟೆಯಲ್ಲಿ ಎದ್ದು ನಿಂತು ಹೇಳಲಾರನಾಗಿದ್ದನು ಎಂದು ಭಾವಿಸುವುದಕ್ಕೆ ಅಡ್ಡಿಯಿಲ್ಲ.

ಇನ್ನೊಂದು ವಿವೇಕವೂ ಆರಂಭದಲ್ಲೇ ಬೇಕು. ಹೆಸರುಗಳಲ್ಲಿ ಕೆಲವು ಯಾರ ಸ್ವತ್ತೂ ಅಲ್ಲ. ‘ಸೋನಾ ಮಸೂರಿ’ ಅಂಥದು. ಅದು ತಳಿಯ ಹೆಸರು. ಸೋನಾ ಮತ್ತು ಮಹ್ಸೂರಿ ಎಂಬ ಎರಡು ತಳಿಗಳ ಸಂಕರದಿಂದ ಹುಟ್ಟಿದ್ದು. ಮಹ್ಸೂರಿಯಾದರೋ 1960ರ ದಶಕದಲ್ಲಿ ಮಲೇಷಿಯಾದಿಂದ ಬಂದದ್ದು. ಗಂಗಾವತಿಯ ಅಕ್ಕಿ ತನ್ನದೆಂದು ಹೇಳಿಕೊಳ್ಳುವ ಹೆಸರಿನ ಅರ್ಧಭಾಗ ಹೀಗೆ ಪರದೇಶದ ದಾನ. ಕೊಟ್ಟವರು ಕೊಟ್ಟರು, ಅದು ದತ್ತ. ತಳಿಯ ಹೆಸರನ್ನಾಗಲಿ ಗುಣವನ್ನು ಮಾತ್ರ ಹೇಳುವ ಶಬ್ದವನ್ನಾಗಲಿ ಒಬ್ಬನಿಗೇ ಮುದ್ರೆಯಾಗಿ ಕೊಡಲು ಭಾರತದ 1999ರ ಕಾಯದೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಬೇರೆ ದೇಶಗಳ ನಿಯಮವೂ ಹೆಚ್ಚುಕಡಿಮೆ ಹೀಗೆಯೇ. ಒಡೆತನ ಹುಟ್ಟುವುದು ಚೀಲದ ಮೇಲೆ ಗಿರಣಿಯವನು ತಾನೇ ಕಲ್ಪಿಸಿಟ್ಟ ಹೆಸರು ಮತ್ತು ಚಿತ್ರಕ್ಕೆ. ಆ ಚಿತ್ರವು ಕೊಳ್ಳುವವರಿಗೆ ಕೊಟ್ಟ ಒಂದು ವಚನ: ಹೋದ ಸಲದ ಅಕ್ಕಿಯಂಥದೇ ಈ ಸಲದ್ದು, ಕಲಬೆರಕೆಯಿಲ್ಲ, ತೂಕ ಸರಿಯಿದೆ ಎಂದು. ಆದುದರಿಂದ ಮುದ್ರೆಯ ಕಳವಿನಲ್ಲಿ ಇಬ್ಬರು ನಷ್ಟ ಹೊಂದುತ್ತಾರೆ: ಹೆಸರು ಕಳೆದುಕೊಂಡವನು ಒಬ್ಬ, ಹೆಸರನ್ನು ನಂಬಿ ಮೋಸಹೋದವನು ಇನ್ನೊಬ್ಬ.

ಈಗ ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ಗಂಗಾವತಿಯ ಗಿರಣಿಯೊಂದು ಕೊಲ್ಲಿ ರಾಷ್ಟ್ರದ ಆಮದುದಾರನೊಬ್ಬನಿಗೆ ಹತ್ತು ವರ್ಷ ತನ್ನ ಮಾರ್ಕಾದ ಅಕ್ಕಿ ಕಳಿಸುತ್ತದೆ. ಮೂರನೆಯ ವರ್ಷದಲ್ಲಿಯೇ ಆಮದುದಾರನು ಆ ಮಾರ್ಕಾವನ್ನು ಅಲ್ಲಿಯ ದಫ್ತರದಲ್ಲಿ ತನ್ನ ಹೆಸರಿಗೆ ಬರೆಸಿಕೊಂಡಿರುತ್ತಾನೆ, ಗಿರಣಿಯವರಿಗೆ ತಿಳಿಯದು. ಹತ್ತನೆಯ ವರ್ಷ ದರದ ವಿಷಯದಲ್ಲಿ ಮನಸ್ತಾಪ ಬಂದು ಗಿರಣಿಯವರು ಬೇರೊಬ್ಬನಿಗೆ ಮಾಲು ಕಳಿಸಿದಾಗ ಬಂದರಿನಲ್ಲಿ ಚೀಲಗಳು ತಡೆಹಿಡಿಯಲ್ಪಡುತ್ತವೆ. ತನ್ನ ಮಾರ್ಕಾದ ತನ್ನ ಅಕ್ಕಿಯೇ ಅಲ್ಲಿ ನಕಲಿ ಎನಿಸಿಕೊಳ್ಳುತ್ತದೆ! ಲೋಕದ ವ್ಯಾಪಾರದಲ್ಲಿ ಇಂಥ ಪ್ರಸಂಗ ವಿರಳವಲ್ಲ. ಭಾರತ, ಅಮೆರಿಕ ಮೊದಲಾದ ದೇಶಗಳಲ್ಲಿ ಮೊದಲು ಬಳಸಿದವನಿಗೆ ಮನ್ನಣೆಯುಂಟು; ಚೀನ ಮೊದಲಾಗಿ ಬಹುದೇಶಗಳಲ್ಲಿ ಮೊದಲು ಅರ್ಜಿ ಕೊಟ್ಟವನೇ ಮುಂದು. ಬಳಸುವ ಉದ್ದೇಶವಿಲ್ಲದೆ ದುರ್ಭಾವದಿಂದ ಕೊಟ್ಟ ಅರ್ಜಿಗಳನ್ನು ತಿರಸ್ಕರಿಸುವ ಸ್ಪಷ್ಟ ವಿಧಿಯನ್ನು ಚೀನವು 2019ರ ತಿದ್ದುಪಡಿಯಲ್ಲಿ ಸೇರಿಸಬೇಕಾಯಿತೆಂದರೆ ಈ ಪಿಡುಗು ಎಷ್ಟು ಬೆಳೆದಿತ್ತೆಂದು ಊಹಿಸಬಹುದು.

ಇದರ ನೈತಿಕ ನಿರ್ಣಯಕ್ಕೆ ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತಕ್ಕೆ ಹೇಳಿದ ಅತಿಚಾರಗಳೇ ದಾರಿ ತೋರಿಸುತ್ತವೆ. ಅವುಗಳಲ್ಲಿ ಪ್ರತಿರೂಪಕವ್ಯವಹಾರ ಎಂಬುದನ್ನು ಎಲ್ಲರೂ ಬಲ್ಲರು: ಕೃತ್ರಿಮವನ್ನು ನೈಜವೆಂದು ತೋರಿಸಿ ಮಾರುವುದು. ಬೇರೆ ಅಕ್ಕಿಯನ್ನು ಗಂಗಾವತಿಯ ಮಾರ್ಕಾದ ಚೀಲದಲ್ಲಿ ತುಂಬಿ ಮಾರುವವನು ನೇರವಾಗಿ ಇದಕ್ಕೆ ಗುರಿಯಾಗುತ್ತಾನೆ. ಅದರಲ್ಲಿ ವಾದವೇ ಇಲ್ಲ. ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ಅತಿಚಾರ ವಿರುದ್ಧರಾಜ್ಯಾತಿಕ್ರಮ. ಸಾಮಾನ್ಯವಾಗಿ ಇದನ್ನು ರಾಜಾಜ್ಞೆಯನ್ನು ಮೀರುವುದು, ಸುಂಕ ತಪ್ಪಿಸುವುದು ಎಂದು ವಿವರಿಸಿ ಮುಂದೆ ಹೋಗುವುದುಂಟು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಹೇಳಿದ ಅಭಿಪ್ರಾಯ ಇನ್ನೂ ಸೂಕ್ಷ್ಮವಾದುದು. ರಾಜ್ಯವು ಸರಿಯಿಲ್ಲದ ಕಡೆ ಬೆಲೆಯುಳ್ಳ ವಸ್ತುಗಳು ಅಲ್ಪಮೂಲ್ಯಕ್ಕೆ ದೊರಕುತ್ತವೆಂದು ಎಣಿಸಿ, ನ್ಯಾಯಕ್ಕೆ ಉಚಿತವಲ್ಲದ ರೀತಿಯಲ್ಲಿ ಅವನ್ನು ಪಡೆಯಲು ಯತ್ನಿಸುವುದು ಅತಿಕ್ರಮವೆಂಬುದು ಅದರ ತಾತ್ಪರ್ಯ. ಕರ್ನಾಟಕದ ಆ ಮಹಾಮುನಿಗಳಿಗೆ ಟ್ರೇಡ್‌ಮಾರ್ಕಿನ ದಫ್ತರ ಗೊತ್ತಿರಲಿಲ್ಲ. ಆದರೂ ಒಂದು ರಾಜ್ಯದ ವ್ಯವಸ್ಥೆಯ ಬಿರುಕಿನಲ್ಲಿ ಕೈಹಾಕಿ, ಬೇರೊಬ್ಬನ ಮೂವತ್ತು ವರ್ಷದ ಮರ್ಯಾದೆಯನ್ನು ಒಂದು ಅರ್ಜಿಯ ಶುಲ್ಕಕ್ಕೆ ಕೊಳ್ಳುವವನ ಚಿತ್ರ ಆ ಮಾತಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕಾನೂನು ಅವನಿಗೆ ಪ್ರಮಾಣಪತ್ರ ಕೊಡಬಹುದು. ಕೊಡತಕ್ಕ ಅಧಿಕಾರ ಒಡೆಯನಲ್ಲಿಯೇ ಉಳಿದಿರುವಾಗ ಸರಕಾರವು ಕೊಟ್ಟದ್ದು ಮೊಹರು ಮಾತ್ರ.

ಅನುಕರಣೆಯೆಲ್ಲವೂ ಕಳವಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಕೊಪ್ಪಳವು ಪೂರ್ವದಲ್ಲಿ ಕೊಪಣವೆಂಬ ಮಹಾತೀರ್ಥ. ಹನ್ನೆರಡನೆಯ ಶತಮಾನದಲ್ಲಿ ದಂಡನಾಯಕ ಗಂಗರಾಜನು ಬಸದಿಗಳ ಜೀರ್ಣೋದ್ಧಾರ ಮಾಡಿಸಿ ಗಂಗವಾಡಿಯನ್ನೇ ಕೊಪಣದಂತೆ ಮಾಡಿದನೆಂದು ಶಾಸನಗಳು ಹೊಗಳುತ್ತವೆ. ಅದು ಕೊಪಣದ ಹೆಸರನ್ನು ಕದ್ದದ್ದಲ್ಲ. ಕೊಪಣವು ಬೇರೆ, ಇದು ಬೇರೆ ಎಂದು ಒಪ್ಪಿಯೇ ಹೋಲಿಸಿದ್ದು. ಹೋಲಿಕೆಯನ್ನು ಬಾಯಿಬಿಟ್ಟು ಹೇಳುವವನು ಗೌರವಿಸುತ್ತಾನೆ, ಮುಚ್ಚಿಡುವವನು ವಂಚಿಸುತ್ತಾನೆ.

ಆದರೆ ಆಮದುದಾರನ ಪಕ್ಷವನ್ನೂ ಕೇಳದೆ ತೀರ್ಪು ಹೇಳುವುದು ಅನೇಕಾಂತದೃಷ್ಟಿಯಲ್ಲ. ಅವನು ಹೀಗೆನ್ನಬಹುದು: “ಈ ದೇಶದಲ್ಲಿ ಈ ಚೀಲವನ್ನು ಯಾರೂ ಕಂಡಿರಲಿಲ್ಲ. ಅಂಗಡಿ ಅಂಗಡಿಗೆ ಒಯ್ದು ಉದ್ದರಿ ಕೊಟ್ಟು ನಿಲ್ಲಿಸಿದವನು ನಾನು. ಜಾಹೀರಾತಿನ ಹಣ ನನ್ನದು. ಹುಳು ಬಿದ್ದ ಚೀಲ ಹಿಂದಕ್ಕೆ ಬಂದಾಗ ನಷ್ಟ ಹೊತ್ತವನೂ ನಾನೇ. ಗಿರಣಿಯವರು ಅಕ್ಕಿಯ ದುಡ್ಡು ಎಣಿಸಿಕೊಂಡರು, ಅಷ್ಟೇ. ಹಾಗಾದರೆ ಇಲ್ಲಿಯ ಹೆಸರು ಯಾರದು?” ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ, ತಳ್ಳಿಹಾಕಲೂಬಾರದು. ಅನೇಕ ಗಿರಣಿಗಳು ಕೊಳ್ಳುವವನೇ ಅಚ್ಚುಹಾಕಿಸಿ ಕೊಟ್ಟ ಚೀಲದಲ್ಲಿ ಅಕ್ಕಿ ತುಂಬಿ ಕಳಿಸುತ್ತವೆ. ಅಲ್ಲಿ ಹೆಸರು ಕೊಳ್ಳುವವನದೇ. ನಾಳೆ ಗಿರಣಿಯವರು ಆ ಹೆಸರನ್ನು ತಮ್ಮದೆಂದು ನೋಂದಾಯಿಸಿದರೆ ಕಳವಿನ ದೋಷ ಗಿರಣಿಗೆ ಬರುತ್ತದೆ. ಆದರೆ ಗಿರಣಿಯ ಹೆಸರಿನಲ್ಲೇ ಮಾಲು ಹೋದಾಗ ಆಮದುದಾರನ ದುಡಿಮೆಯಿಂದ ಹುಟ್ಟಿದ್ದು ಪರಿಹಾರದ ಹಕ್ಕು, ಒಡೆತನವಲ್ಲ. ಪಾಲಿನಿಂದ ಹೊಲ ಮಾಡಿದವನಿಗೆ ಬೆಳೆಯಲ್ಲಿ ಭಾಗವುಂಟು. ಭೂಮಾಲಿಕನು ಊರಲ್ಲಿಲ್ಲದ ದಿನ ಚಾವಡಿಗೆ ಹೋಗಿ ಪಹಣಿಯನ್ನು ತನ್ನ ಹೆಸರಿಗೆ ತಿದ್ದಿಸಿದರೆ ಆ ಭಾಗದ ನ್ಯಾಯವೂ ಕೆಡುತ್ತದೆ. ದೋಷವು ಹಕ್ಕು ಕೇಳಿದ್ದರಲ್ಲಿಲ್ಲ, ತಿಳಿಸದೆ ಬರೆಸಿಕೊಂಡಿದ್ದರಲ್ಲಿದೆ. “ನೀವು ಇಲ್ಲಿ ಕಾಗದ ಮಾಡಿಸಿಲ್ಲ, ಮಾಡಿಸಿರಿ, ಇಲ್ಲವೆ ನನಗೆ ಬರೆದುಕೊಡಿರಿ” ಎಂದು ಒಂದು ಪತ್ರ ಬರೆದಿದ್ದರೆ ಅದೇ ಕಾರ್ಯ ನಿರ್ದೋಷವಾಗುತ್ತಿತ್ತು. ಲೌಕಿಕ ನ್ಯಾಯವೂ ಇದನ್ನು ಕಂಡುಕೊಂಡಿದೆ. 1883ರ ಪ್ಯಾರಿಸ್ ಒಡಂಬಡಿಕೆಯಲ್ಲಿ, ಏಜೆಂಟನು ಒಡೆಯನ ಅನುಮತಿಯಿಲ್ಲದೆ ಮುದ್ರೆಯನ್ನು ತನ್ನ ಹೆಸರಿಗೆ ಮಾಡಿಕೊಂಡರೆ ಒಡೆಯನು ಅದನ್ನು ವಿರೋಧಿಸಲು, ರದ್ದು ಮಾಡಿಸಲು, ಆಯಾ ದೇಶದ ಕಾಯದೆ ಅವಕಾಶ ಕೊಟ್ಟಲ್ಲಿ ತನಗೆ ವರ್ಗಾಯಿಸಿಕೊಳ್ಳಲು ಸಾಧ್ಯವಾಗುವಂಥ ಒಂದು ವಿಧಿಯನ್ನು ಆಮೇಲಿನ ಪರಿಷ್ಕರಣೆಯಲ್ಲಿ ಸೇರಿಸಲಾಗಿದೆ. ಭಾರತವು ಆ ಒಡಂಬಡಿಕೆಗೆ ಸೇರಿದ್ದು 1998ರಲ್ಲಿ. ಏಜೆಂಟನು ತಾನು ಮಾಡಿದ್ದಕ್ಕೆ ಸಮರ್ಪಕ ಕಾರಣ ತೋರಿಸಿದರೆ ಮಾತ್ರ ವಿನಾಯಿತಿ ಎಂದು ಅದರಲ್ಲಿಯೇ ಹೇಳಿದೆಯೆಂಬುದು ಗಮನಾರ್ಹ.

ಭಾರತೀಯರು ಯಾವಾಗಲೂ ಕಳೆದುಕೊಳ್ಳುವ ಪಕ್ಷದಲ್ಲಿಯೇ ಇರುವರೆಂದು ತಿಳಿಯುವುದು ಸುಖಕರವಾದ ಭ್ರಾಂತಿ. ವರ್ಲ್‌ಪೂಲ್ ಎಂಬ ಅಮೆರಿಕದ ಬಟ್ಟೆ ಒಗೆಯುವ ಯಂತ್ರದ ಮುದ್ರೆ ಭಾರತದಲ್ಲಿ 1950ರ ದಶಕದಲ್ಲಿಯೇ ನೋಂದಣಿಯಾಗಿತ್ತು. ಕಂಪನಿಯು ನವೀಕರಿಸದ ಕಾರಣ 1977ರಲ್ಲಿ ಅದು ಬಿದ್ದುಹೋಯಿತು. 1986ರಲ್ಲಿ ದೆಹಲಿಯ ಟ್ರಸ್ಟೊಂದು ಅದೇ ಹೆಸರಿಗೆ ಅರ್ಜಿ ಹಾಕಿತು. ದಫ್ತರದ ಲೆಕ್ಕದಲ್ಲಿ ಹೆಸರು ಖಾಲಿ ಬಿದ್ದಿತ್ತು. ಆದರೂ 1996ರಲ್ಲಿ ಸುಪ್ರೀಮ್ ಕೋರ್ಟು, ಆ ಹೆಸರಿನ ಖ್ಯಾತಿ ಎಲ್ಲೆ ದಾಟಿ ಇಲ್ಲಿಗೂ ಬಂದಿದೆಯೆಂದು ಹೇಳಿ ಅಮೆರಿಕದ ಕಂಪನಿಯ ಪರವಾಗಿ ಕೆಳಗಿನ ನ್ಯಾಯಾಲಯಗಳು ಕೊಟ್ಟ ತಡೆಯಾಜ್ಞೆಯನ್ನು ಎತ್ತಿಹಿಡಿಯಿತು. ಬಾಗಿಲು ತೆರೆದಿದ್ದ ಮಾತ್ರಕ್ಕೆ ಮನೆ ನಿರ್ವಾರಸು ಆಗುವುದಿಲ್ಲ ಎಂಬ ಭಾವ ಆ ತೀರ್ಪಿನಲ್ಲಿದೆ. ಅದರ ಎದುರಿಗೆ 2017ರ ಟೊಯೋಟಾ ತೀರ್ಪನ್ನು ಇಡಬೇಕು. ಜಪಾನಿನಲ್ಲಿ 1997ರಲ್ಲಿ ಬಂದ ಪ್ರಿಯಸ್ ಎಂಬ ಕಾರಿನ ಹೆಸರನ್ನು 2001ರಿಂದ ಬಳಸುತ್ತಿದ್ದ ಭಾರತೀಯ ಬಿಡಿಭಾಗಗಳ ಸಂಸ್ಥೆಗೆ ಅದೇ ನ್ಯಾಯಾಲಯ ಜಯ ಕೊಟ್ಟಿತು. ಏಕೆಂದರೆ ಆಗ ಆ ಹೆಸರಿಗೆ ಇಲ್ಲಿ ಅಷ್ಟು ಖ್ಯಾತಿ ಇದ್ದುದಕ್ಕೆ ಸಾಕ್ಷ್ಯವಿರಲಿಲ್ಲ. ಹಿಂದಿಯಲ್ಲಿ ‘ಪೆಹಲಾ ಪ್ರಯಾಸ್’, ಅಂದರೆ ಮೊದಲ ಪ್ರಯತ್ನ ಎಂಬುದರಿಂದ ಹೆಸರು ಹೊಳೆಯಿತೆಂದು ಆ ಸಂಸ್ಥೆ ಹೇಳಿಕೊಂಡಿತ್ತು. ಎರಡು ತೀರ್ಪುಗಳಲ್ಲಿ ಸಾಕ್ಷ್ಯ ಬೇರೆ, ಫಲ ಬೇರೆ. ನ್ಯಾಯಾಲಯವು ನೋಡತಕ್ಕದ್ದು ಪೇಟೆಯಲ್ಲಿ ಹೆಸರಿಗಿದ್ದ ಖ್ಯಾತಿಯನ್ನು. ವ್ರತಿಯಾದವನು ನೋಡಿಕೊಳ್ಳತಕ್ಕದ್ದು ಹೆಸರು ಇಡುವ ಆ ಗಳಿಗೆಯಲ್ಲಿ ತನ್ನ ಮನಸ್ಸಿನಲ್ಲಿದ್ದುದನ್ನು. ಅದಕ್ಕೆ ಅವನ ಹೊರತು ಬೇರೆ ಸಾಕ್ಷಿಯಿಲ್ಲ.

ಇನ್ನು ಕಾಪಾಡಿಕೊಳ್ಳುವ ಭಾಗ. ಹೆಸರಿಗಾಗಿ ಹೋರಾಡುವುದು ಕಷಾಯ, ನೋಂದಣಿಯೆಂಬುದು ಮೂರ್ಛೆಯ ಇನ್ನೊಂದು ರೂಪ, ಆದ್ದರಿಂದ ಸುಮ್ಮನಿರುವುದೇ ಲೇಸು ಎನ್ನುವವರುಂಟು. ಮುನಿಗೆ ಅದು ಸರಿ. ಗೃಹಸ್ಥನ ಮಾರ್ಕಾದ ಹಿಂದೆ ಹಮಾಲರೂ ಗಿರಣಿಯ ಆಳುಗಳೂ ಭತ್ತದ ರೈತರೂ ಇದ್ದಾರೆ. ಅವನ ಅಲಕ್ಷ್ಯದ ದಂಡವನ್ನು ಅವರು ತೆರುತ್ತಾರೆ. ಅಲಕ್ಷ್ಯಕ್ಕೆ ವೈರಾಗ್ಯವೆಂಬ ಹೆಸರಿಡುವುದೂ ಒಂದು ಬಗೆಯ ಪ್ರತಿರೂಪಕವೇ ಸರಿ. ಮೇಲಾಗಿ ಈಗ ದಾರಿ ಹಿಂದಿನಷ್ಟು ದುರ್ಗಮವಲ್ಲ. 2013ರ ಜುಲೈಯಲ್ಲಿ ಭಾರತವು ಮ್ಯಾಡ್ರಿಡ್ ವ್ಯವಸ್ಥೆಗೆ ಸೇರಿದ ಮೇಲೆ, ಸ್ವದೇಶದ ಅರ್ಜಿ ಅಥವಾ ನೋಂದಣಿಯನ್ನು ಆಧಾರವಾಗಿಟ್ಟುಕೊಂಡು ಒಂದೇ ಅರ್ಜಿಯಿಂದ ಅನೇಕ ದೇಶಗಳಲ್ಲಿ ರಕ್ಷಣೆ ಕೇಳಬಹುದು. ಜಿನೀವಾದ ಕಚೇರಿ ಅದನ್ನು ಆಯಾ ದೇಶಕ್ಕೆ ತಿಳಿಸುತ್ತದೆ. ಒಪ್ಪುವುದು ಬಿಡುವುದು ಆಯಾ ದೇಶಕ್ಕೆ ಸೇರಿದ್ದು. ಅಮೆರಿಕ, ಸಿಂಗಪುರ, ಓಮಾನ್, ಬಹರೇನ್‌ಗಳು ಮೊದಲೇ ಅದರಲ್ಲಿದ್ದವು. ಸಂಯುಕ್ತ ಅರಬ್ ಎಮಿರೇಟ್ಸ್ 2021ರ ಕೊನೆಗೆ ಸೇರಿತು. ಆದರೆ ಮೊದಲ ಐದು ವರ್ಷ ಸ್ವದೇಶದ ಮೂಲ ಬಿದ್ದರೆ ಅದರ ಮೇಲೆ ನಿಂತ ಪರದೇಶದ ರಕ್ಷಣೆಯೂ ಬೀಳುತ್ತದೆ. ಊರಿನ ಖಾತೆಯನ್ನು ನೆಟ್ಟಗಿಡದೆ ಪರದೇಶದ ಖಾತೆ ನೆಟ್ಟಗಿರದು.

ಹತ್ತು ವರ್ಷಕ್ಕೊಮ್ಮೆ ನವೀಕರಣ. ಅದಕ್ಕಿಂತ ಮುಖ್ಯವಾದುದು ಬಳಕೆ. ಅಮೆರಿಕದಲ್ಲಿ ಐದನೆಯ ಮತ್ತು ಆರನೆಯ ವರ್ಷಗಳ ನಡುವೆ, ಮುದ್ರೆಯು ಅಲ್ಲಿಯ ವ್ಯಾಪಾರದಲ್ಲಿ ನಿಜವಾಗಿ ಬಳಕೆಯಲ್ಲಿದೆಯೆಂದು ಪ್ರಮಾಣಮಾಡಿ ಹೇಳಬೇಕು. ಭಾರತದಲ್ಲಿ ಐದು ವರ್ಷದ ಮೇಲೆ ಮೂರು ತಿಂಗಳು, ಚೀನದಲ್ಲಿ ಮೂರು ವರ್ಷ ಬಳಸದೆ ಬಿಟ್ಟರೆ ಬೇರೆಯವರು ಅದನ್ನು ತೆಗೆಸಿಹಾಕಲು ಕೇಳಬಹುದು. 2023ರ ಜುಲೈಯಿಂದ 2024ರ ಸೆಪ್ಟೆಂಬರಿನವರೆಗೆ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ಕೇಂದ್ರ ಸರಕಾರ ನಿಷೇಧಿಸಿದಾಗ ಪರದೇಶದ ಅಂಗಡಿಗಳಿಗೆ ಸೋನಾ ಮಸೂರಿಯ ಹೊಸ ಚೀಲಗಳು ಹೋಗುವುದು ನಿಂತಿತು. ಇಂಥ ಸರಕಾರದ ನಿರ್ಬಂಧದಿಂದಾದ ವಿರಾಮವನ್ನು ಅಲಕ್ಷ್ಯವೆಂದು ಎಣಿಸಬಾರದೆಂಬ ತತ್ತ್ವ ಭಾರತದ ಕಾಯದೆಯಲ್ಲಿಯೂ ಜಾಗತಿಕ ವ್ಯಾಪಾರ ಒಪ್ಪಂದದಲ್ಲಿಯೂ ಇದೆ. ಆದರೆ ಆ ಸಮಯದಲ್ಲಿ ನಿಂತ ಆರ್ಡರುಗಳ ಪತ್ರಗಳನ್ನು ಜೋಪಾನವಾಗಿಟ್ಟ ಗಿರಣಿಯವರಿಗೆ ಮಾತ್ರ ಅದು ಉಪಯೋಗಕ್ಕೆ ಬಂದೀತು. ಕಿರ್ದಿ ಬರೆಯುವ ನಮ್ಮ ಹಿರಿಯರ ಶಿಸ್ತು ಇಲ್ಲಿ ಧರ್ಮವೂ ಹೌದು, ಲಾಭವೂ ಹೌದು.

ಬಳಸದಿದ್ದರೆ ಹಕ್ಕು ಬೀಳುತ್ತದೆಂಬ ಈ ನಿಯಮವನ್ನು ವರ್ತಕರು ಕಿರುಕುಳವೆಂದು ಗೊಣಗುವುದುಂಟು. ವಿಚಾರ ಮಾಡಿದರೆ ಕಾಯದೆಯು ಇಲ್ಲಿ ತನಗೆ ತಿಳಿಯದೆಯೇ ಪರಿಗ್ರಹಪರಿಮಾಣಕ್ಕೆ ಸಮೀಪ ಬಂದಿದೆ. ಒಬ್ಬನು ಹತ್ತಾರು ದೇಶಗಳಲ್ಲಿ, ಅಕ್ಕಿಗೊಂದೇ ಅಲ್ಲದೆ ಎಣ್ಣೆಗೆ, ಸಾಬೂನಿಗೆ, ಬಟ್ಟೆಗೆ ಎಂದು ಎಲ್ಲ ವರ್ಗಗಳಲ್ಲಿಯೂ ಹೆಸರು ಬರೆಸಿಟ್ಟು ಯಾವುದನ್ನೂ ಮಾರದಿದ್ದರೆ ಅದು ಇತರರ ದಾರಿಗೆ ಹಾಕಿದ ಬೇಲಿ. ಎಷ್ಟು ದೇಶಗಳಲ್ಲಿ ನೋಂದಣಿ ಮಾಡಿಸಬೇಕೆಂಬುದಕ್ಕೆ ವಕೀಲನ ಸಲಹೆಗಿಂತ ದಿಗ್ವ್ರತವೇ ಒಳ್ಳೆಯ ಅಳತೆಗೋಲು. ಈ ದಿಕ್ಕಿಗೆ ಇಷ್ಟು ದೂರ ವ್ಯಾಪಾರ, ಅದರಾಚೆ ಇಲ್ಲ ಎಂದು ಎಲ್ಲೆ ಹಾಕಿಕೊಂಡವನು ಆ ಎಲ್ಲೆಯೊಳಗೆ ಒಂದು ದೇಶವನ್ನೂ ಬಿಡದೆ ಕಾಗದ ಮಾಡಿಸಲಿ. ಅದರಾಚೆಗೆ ಒಂದರಲ್ಲಿಯೂ ಮಾಡಿಸದಿರಲಿ. ಚೀಲದ ಮೇಲೆ ವೃತ್ತದೊಳಗಿನ ‘ಆರ್’ ಅಕ್ಷರದ ಗುರುತಿನ ವಿಷಯದಲ್ಲಿಯೂ ಅಷ್ಟೇ. ಯಾವ ದೇಶದಲ್ಲಿಯೂ ನೋಂದಣಿಯಾಗದ ಹೆಸರಿಗೆ ಅದನ್ನು ಅಚ್ಚುಹಾಕಿಸುವುದು ಸತ್ಯಾಣುವ್ರತಕ್ಕೆ ಭಂಗ. ಭಾರತದ ಕಾಯದೆಯಲ್ಲಿ ದಂಡಾರ್ಹವೂ ಹೌದು.

ಇದೆಲ್ಲವೂ ಗಿರಣಿಯಿರುವ, ವಕೀಲನನ್ನು ಇಡಬಲ್ಲ ವರ್ತಕನ ಮಾತಾಯಿತು. ಕಿನ್ನಾಳದ ಚಿತ್ರಗಾರರ ಮತ್ತು ಕುಷ್ಟಗಿಯ ಕಡೆ ಇಳಕಲ್ ಸೀರೆ ನೇಯುವ ನೇಕಾರರ ಪ್ರಶ್ನೆ ಬೇರೆಯೇ. ಕಿನ್ನಾಳದ ಗೊಂಬೆಗೂ ಇಳಕಲ್ ಸೀರೆಗೂ ಭೌಗೋಳಿಕ ಸೂಚಕದ ನೋಂದಣಿ ದೊರೆತಿದೆ. ಅದೂ ಭಾರತದ ಎಲ್ಲೆಯೊಳಗೇ ನಿಲ್ಲುವಂಥದು. ಸ್ವದೇಶದಲ್ಲಿ ರಕ್ಷಣೆಯಿಲ್ಲದ ಸೂಚಕವನ್ನು ಬೇರೆ ದೇಶ ರಕ್ಷಿಸಬೇಕಾಗಿಲ್ಲವೆಂದು ಜಾಗತಿಕ ಒಪ್ಪಂದ ಹೇಳುತ್ತದೆ. ಆ ಮೊದಲ ಮೆಟ್ಟಿಲನ್ನು ಇವು ಹತ್ತಿವೆ, ಮುಂದಿನ ಮೆಟ್ಟಿಲುಗಳು ದುಡ್ಡಿನವು. ಡಾರ್ಜಿಲಿಂಗ್ ಚಹಾದ ಹೆಸರನ್ನು ಫ್ರಾನ್ಸಿನ ಸಂಸ್ಥೆಯೊಂದು ಹೆಂಗಸರ ಒಳ ಉಡುಪಿಗೆ ಇಟ್ಟಾಗ ಭಾರತದ ಟೀ ಬೋರ್ಡು ಯುರೋಪಿನ ಅತ್ಯುಚ್ಚ ನ್ಯಾಯಾಲಯದವರೆಗೆ ಹೋಯಿತು. ಚಹಾಕ್ಕೂ ಉಡುಪಿಗೂ ಗೊಂದಲವಾಗುತ್ತದೆಂಬ ವಾದವನ್ನು 2017ರಲ್ಲಿ ಆ ನ್ಯಾಯಾಲಯ ಒಪ್ಪಲಿಲ್ಲ. ಸರಕಾರದ ಬೆಂಬಲವಿದ್ದ ಬೋರ್ಡಿಗೇ ವರ್ಷಗಟ್ಟಲೆ ಹಿಡಿದ ಕೆಲಸವಿದು. ಕಿನ್ನಾಳದಲ್ಲಿ ಹಗುರ ಮರವನ್ನು ಕೆತ್ತಿ ಬಣ್ಣ ಬಳಿಯುವ ಬೆರಳೆಣಿಕೆಯ ಮನೆಗಳಿಗೆ ಅದು ಕನಸಿನಲ್ಲಿಯೂ ಸಾಧ್ಯವಲ್ಲ. ಅವರಿಂದ ಗೊಂಬೆ ಕೊಂಡು ಬೆಂಗಳೂರಿಗೂ ಪರದೇಶಕ್ಕೂ ಕಳಿಸಿ ಲಾಭ ಪಡೆಯುವವನು ಆ ಹೆಸರನ್ನು ಅಲ್ಲಿ ಯಾರ ಹೆಸರಿಗೆ ಬರೆಸಬೇಕು, ಆ ಖರ್ಚನ್ನು ಯಾರ ಖಾತೆಗೆ ಹಾಕಬೇಕು? ತನ್ನ ಹೆಸರಿಗೆ ಬರೆಸಿಕೊಂಡರೆ ಮೇಲೆ ಹೇಳಿದ ಆಮದುದಾರನ ಸಾಲಿನಲ್ಲಿ ತಾನೇ ನಿಲ್ಲುತ್ತಾನೆ. ಬರೆಸದೆ ಬಿಟ್ಟರೆ ಬೇರೊಬ್ಬನು ಬರೆಸಿಕೊಳ್ಳುತ್ತಾನೆ. ಚಿತ್ರಗಾರರ ಸಂಘದ ಹೆಸರಿಗೆ ಬರೆಸಿ, ಖರ್ಚನ್ನು ತನ್ನ ವ್ಯಾಪಾರದ ವೆಚ್ಚದಲ್ಲಿ ತೋರಿಸಿ, ಗೊಂಬೆಯ ಬೆಲೆಯಲ್ಲಿ ಅದನ್ನು ಮುರಿದುಕೊಳ್ಳದೆ ಇರುವ ಮೂರನೆಯ ದಾರಿಯೊಂದಿದೆ. ಅದಕ್ಕೆ ಯಾವ ಕಾಯದೆಯ ತಿದ್ದುಪಡಿಯೂ ಬೇಕಾಗಿಲ್ಲ. ಕೊಪ್ಪಳದ ಪೇಟೆಯಲ್ಲಿ ಇಬ್ಬರು ಮೂವರು ವರ್ತಕರು ಕೂಡಿ ಕುಳಿತರೆ ಒಂದು ಮಧ್ಯಾಹ್ನದಲ್ಲಿ ತೀರ್ಮಾನಿಸಬಹುದಾದ ಸಂಗತಿಯದು.